ಗಡಿ ದಾಟಿದ ಕರೆಯ ಸುಂಕ

ಎರಡು ದಶಕಗಳ ಹಿಂದೆ ನಾನು ಮಂಗಳೂರಿನಲ್ಲಿ ಸರ್ಕಾರಿ ಸೇವೆಯಲ್ಲಿದ್ದಾಗ, ನಮ್ಮ ಕಚೇರಿಯ ದ್ವಿತೀಯ ದರ್ಜೆ ಸಹಾಯಕರೊಬ್ಬರು ಅಂಗಿಯ ಜೇಬಿನಲ್ಲಿ ಎರಡು ಮೊಬೈಲ್ ಫೋನ್‌ಗಳನ್ನು ಇಟ್ಟುಕೊಂಡು ಬರುತ್ತಿದ್ದರು. ಅವರ ಮನೆ ಮಂಜೇಶ್ವರದಲ್ಲಿ. ಆ ದಿನಗಳಲ್ಲಿ ಒಂದು ಫೋನ್ ಇರುವುದೇ ಮಧ್ಯಮ ವರ್ಗದವರಿಗೆ ದೊಡ್ಡ ಮಾತಾಗಿತ್ತು. ಕೇಳಿದಾಗ ಅವರು ನಕ್ಕು, ‘ಇದು ಮನೆಯದ್ದು ಸಾರ್, ಇದು ಹೊಟ್ಟೆಪಾಡಿನದ್ದು’ ಎಂದಿದ್ದರು. ತಲಪಾಡಿ ದಾಟುವ ಮುನ್ನ ಒಂದನ್ನು ಆರಿಸಿ ಇನ್ನೊಂದನ್ನು ಚಾಲೂ ಮಾಡುವುದು ಅವರ ನಿತ್ಯಕರ್ಮ. ಮರೆತ ದಿನ ಕೇರಳದ ಫೋನಿಗೆ ಮಂಗಳೂರಿನಲ್ಲಿ ಹೆಂಡತಿಯ ಕರೆ ಬಂದರೆ, ಅದನ್ನು ಎತ್ತಿಕೊಂಡ ತಪ್ಪಿಗೆ ದಂಡ ತೆರಬೇಕಾಗುತ್ತಿತ್ತು. ಒಳಬರುವ ಕರೆ ದೇಶದಲ್ಲಿ 2003ರಿಂದಲೇ ಉಚಿತವಾಗಿತ್ತು, ನಿಜ. ಆದರೆ ಆ ಸೌಲಭ್ಯ ಗಡಿಕಲ್ಲಿನವರೆಗೆ ಮಾತ್ರ.

ನನಗೂ ಅದರ ರುಚಿ ತಟ್ಟಿದೆ. ಗಡಿ ಭಾಗದಲ್ಲಿ ಮೂರು ದಿನ ತಪಾಸಣೆಗೆಂದು ಓಡಾಡಿದ ತಿಂಗಳು ನನ್ನ ಬಿಲ್ಲಿನಲ್ಲಿ ‘ರೋಮಿಂಗ್’ ಎಂಬ ಬಾಬ್ತಿನಡಿ ದೊಡ್ಡ ಮೊತ್ತವೇ ಸೇರಿಕೊಂಡಿತ್ತು. ನಾನು ಕರ್ನಾಟಕದ ಎಲ್ಲೆ ದಾಟಿರಲಿಲ್ಲ. ದಾಟಿದ್ದು ನನ್ನ ಫೋನು. ನಮ್ಮ ಕಡೆಯ ಗೋಪುರದ ಸಂಕೇತ ಕ್ಷೀಣಿಸಿದೊಡನೆ ಅದು ಆಚೆಯ ಗೋಪುರವನ್ನು ಹಿಡಿದುಕೊಂಡಿತ್ತು. ಕಂಪನಿಗೆ ಬರೆದ ಪತ್ರಕ್ಕೆ ಬಂದ ಉತ್ತರ ವಿನಯಪೂರ್ವಕವಾಗಿತ್ತು, ಹಣ ಮಾತ್ರ ಮರಳಲಿಲ್ಲ.

ಈ ಹಳೆಯ ಕಥೆಯನ್ನು ಈಗ ಎತ್ತಲು ಕಾರಣವಿದೆ. ದೇಶದೊಳಗಿನ ರೋಮಿಂಗ್ ಶುಲ್ಕ ಇಂದು ಇಲ್ಲ. ಅದು ಹೋದದ್ದು ಹೇಗೆ ಎಂಬುದನ್ನು ನಾವು ಮರೆತಿದ್ದೇವೆ, ಮತ್ತು ಆ ಮರೆವು ದುಬಾರಿಯಾಗಬಹುದು.

ತೊಂಬತ್ತರ ದಶಕದಲ್ಲಿ ಮೊಬೈಲ್ ಸೇವೆಗೆ ಪರವಾನಗಿ ಕೊಡುವಾಗ ಸರ್ಕಾರ ದೇಶವನ್ನು ‘ವೃತ್ತ’ಗಳಾಗಿ ಹಂಚಿತು. ಅವುಗಳ ಎಲ್ಲೆಗಳು ಬಹುಮಟ್ಟಿಗೆ ರಾಜ್ಯಗಳ ಎಲ್ಲೆಗಳೇ. ಆಡಳಿತಕ್ಕೆ ಇದು ಸುಲಭ, ಹರಾಜಿಗೆ ಅನುಕೂಲ. ಆದರೆ ಜನರ ಬದುಕಿನ ಭೂಗೋಳ ಬೇರೆ. ಬೀದರಿನವನು ಏಳುನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಚಾಮರಾಜನಗರದಲ್ಲಿ ನಿಂತು ಮಾತನಾಡಿದರೂ ಅವನು ‘ಮನೆ’ಯಲ್ಲೇ ಇದ್ದಾನೆ, ಪಕ್ಕದ ಜಹೀರಾಬಾದಿನ ಸಂತೆಗೆ ಹೋದರೆ ಪರದೇಶಿ. ಗೋವಾ ರಾಜ್ಯ ಮಹಾರಾಷ್ಟ್ರ ವೃತ್ತಕ್ಕೆ ಸೇರಿದ್ದು. ಹೀಗಾಗಿ ಕಾಣಕೋಣದ ಮೀನು ವ್ಯಾಪಾರಿಗೆ ವಿದರ್ಭದ ಗಡಚಿರೋಲಿ ಮನೆ, ಕಾರವಾರ ಪರಸ್ಥಳ!

ಕಾಸರಗೋಡಿನದು ಇನ್ನೂ ಸೂಕ್ಷ್ಮ. 1956ರ ನವೆಂಬರ್ 1ರವರೆಗೆ ಅದು ಮಂಗಳೂರಿನ ಜೊತೆಗೇ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಮಹಾಜನ ಆಯೋಗದ ವರದಿಯ ವಾದಕ್ಕೆ ನಾನಿಲ್ಲಿ ಇಳಿಯುವುದಿಲ್ಲ. ಆದರೆ ಅಲ್ಲಿನವರ ಆಸ್ಪತ್ರೆ, ಕಾಲೇಜು, ಮದುವೆಯ ಜವಳಿ, ಅಡಿಕೆಯ ಮಾರಾಟ ಇಂದಿಗೂ ಬಹುಪಾಲು ಮಂಗಳೂರಿನಲ್ಲೇ. ದೇರಳಕಟ್ಟೆಯ ಆಸ್ಪತ್ರೆಯಲ್ಲಿ ರೋಗಿಯನ್ನು ದಾಖಲಿಸಿ ಉಪ್ಪಳದ ಮನೆಗೆ ಸುದ್ದಿ ಮುಟ್ಟಿಸುವವನನ್ನು ‘ಪ್ರವಾಸಿ ಗ್ರಾಹಕ’ ಎಂದು ಪರಿಗಣಿಸಿದ ವ್ಯವಸ್ಥೆಯದು. ಅದಕ್ಕೆ ಜನ ಕಂಡುಕೊಂಡ ಉತ್ತರ ‘ಮಿಸ್ಡ್ ಕಾಲ್’. ಒಂದು ಬಾರಿ ಬಡಿದರೆ ಬಸ್ಸು ಹತ್ತಿದ್ದೇನೆ, ಎರಡು ಬಾರಿ ಬಡಿದರೆ ತಡವಾಗುತ್ತದೆ ಎಂದು.

ಕಂಪನಿಗಳಿಗೆ ಇದರಿಂದ ನಿಜವಾಗಿ ವೆಚ್ಚವಾಗುತ್ತಿರಲಿಲ್ಲವೇ? ಸ್ವಲ್ಪ ಆಗುತ್ತಿತ್ತು. ಉಪ್ಪಳದಲ್ಲಿ ಕುಳಿತ ಮಂಗಳೂರಿನ ಗ್ರಾಹಕನಿಗೆ ಪಕ್ಕದ ಮನೆಯವರು ಕರೆ ಮಾಡಿದರೆ, ಆ ಕರೆ ಮೊದಲು ಕರ್ನಾಟಕದ ವಿನಿಮಯ ಕೇಂದ್ರಕ್ಕೆ ಹೋಗಿ, ಅಲ್ಲಿಂದ ಮತ್ತೆ ಕೇರಳಕ್ಕೆ ಮರಳಬೇಕು. ಈ ಸಾಗಣೆಗೆ ಒಂದು ದರ, ತಲುಪಿಸಿದ ಜಾಲಕ್ಕೆ ಇನ್ನೊಂದು ದರ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2009ರಲ್ಲಿ ತಲುಪಿಸುವ ದರವನ್ನು ನಿಮಿಷಕ್ಕೆ 20 ಪೈಸೆಗೆ ನಿಗದಿಪಡಿಸಿತು. ಸಾಗಣೆಯ ಗರಿಷ್ಠ ದರ ಆಗ 65 ಪೈಸೆ. ಎರಡೂ ಸೇರಿ 85 ಪೈಸೆ. ಅದೇ ವೇಳೆ ರೋಮಿಂಗ್‌ನಲ್ಲಿ ಒಳಬರುವ ಕರೆಗೆ ಗ್ರಾಹಕನಿಂದ ವಸೂಲು ಮಾಡಬಹುದಾಗಿದ್ದ ಗರಿಷ್ಠ ಮೊತ್ತ 1.75 ರೂಪಾಯಿ. ಎರಡೂ ವೃತ್ತಗಳಲ್ಲಿ ಒಂದೇ ಕಂಪನಿ ಸೇವೆ ನೀಡುತ್ತಿದ್ದಲ್ಲಿ ಈ ಸಂದಾಯವೆಲ್ಲ ತನ್ನದೇ ಬಲಗಿಸೆಯಿಂದ ಎಡಗಿಸೆಗೆ. ಅರ್ಥಶಾಸ್ತ್ರದಲ್ಲಿ ಇದಕ್ಕೆ ಹೆಸರಿದೆ: ಬೇರೆ ದಾರಿಯಿಲ್ಲದವನಿಂದ ಹೆಚ್ಚು ಪಡೆಯುವ ಬೆಲೆ ತಾರತಮ್ಯ.

ಆ 1.75 ರೂಪಾಯಿಯ ಮಿತಿಯನ್ನು ವಿಧಿಸಿದ್ದು 2007ರಲ್ಲಿ. ರೋಮಿಂಗ್‌ಗೆಂದೇ ಇದ್ದ ಮಾಸಿಕ ಬಾಡಿಗೆಯೂ ಆಗ ರದ್ದಾಯಿತು. 2012ರ ರಾಷ್ಟ್ರೀಯ ದೂರಸಂಪರ್ಕ ನೀತಿ ಇಡೀ ದೇಶಕ್ಕೆ ಉಚಿತ ರೋಮಿಂಗ್‌ನ ಆಶ್ವಾಸನೆ ಕೊಟ್ಟಿತು. ಮರುವರ್ಷ ಟ್ರಾಯ್ ಒಳಬರುವ ಕರೆಯ ಮಿತಿಯನ್ನು 75 ಪೈಸೆಗೆ ಇಳಿಸಿತಾದರೂ, ಸಂಪೂರ್ಣ ಉಚಿತ ಸಾಧ್ಯವಿಲ್ಲ ಎಂದಿತು. ರೋಮಿಂಗ್ ಮಾಡುವವರು ಕೆಲವರು, ಅವರ ಹೊರೆಯನ್ನು ಊರು ಬಿಡದ ಬಡ ಗ್ರಾಹಕನ ಮೇಲೆ ಹೊರಿಸುವುದು ನ್ಯಾಯವಲ್ಲ ಎಂಬುದು ಅದರ ವಾದದ ತಿರುಳು. ಈ ವಾದವನ್ನು ಹಗುರವಾಗಿ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ದೆಹಲಿಗೆ ವಿಮಾನದಲ್ಲಿ ಹಾರುವ ವ್ಯಾಪಾರಿಯ ವಿಷಯದಲ್ಲಿ ಅದು ಸರಿ. ಆದರೆ ಸರಾಸರಿ ಎಂಬುದು ಎಷ್ಟೋ ಸಲ ಮನುಷ್ಯರನ್ನು ಮರೆಮಾಚುತ್ತದೆ. ದಿನಗೂಲಿಗೆ ಬೆಳಿಗ್ಗೆ ಗಡಿ ದಾಟಿ ಸಂಜೆ ಮರಳುವವನೂ ಅದೇ ಲೆಕ್ಕದಲ್ಲಿ ‘ರೋಮಿಂಗ್ ಗ್ರಾಹಕ’ನಾಗಿದ್ದ. ಅವನಿಗಾಗಿ ಗಡಿ ತಾಲ್ಲೂಕುಗಳನ್ನಷ್ಟೇ ಎರಡೂ ವೃತ್ತಗಳಿಗೆ ಸ್ಥಳೀಯವೆಂದು ಸಾರಬಹುದಿತ್ತು. ಅಸಾಧ್ಯವೇನಲ್ಲ. ಒಂದೇ ರಾಜ್ಯ ಎರಡು ವೃತ್ತಗಳಾಗಿ ಒಡೆದಿದ್ದ ಮಹಾರಾಷ್ಟ್ರ, ತಮಿಳುನಾಡು ಮುಂತಾದೆಡೆ ಅಂತರ್‌ವೃತ್ತ ಕರೆಗಳನ್ನು 2005ರಲ್ಲಿ ಅದೇ ಬಗೆಯಲ್ಲಿ ಸರಿಪಡಿಸಲಾಗಿತ್ತು. ಮುಂಬೈ, ಚೆನ್ನೈಗಳಿಗೆ ದೊರೆತ ಆ ಔದಾರ್ಯ ಮಂಜೇಶ್ವರಕ್ಕೆ ದೊರೆಯಲಿಲ್ಲ.

ಮುಂದೆ ನಡೆದದ್ದು ವೇಗವಾಗಿ ನಡೆಯಿತು. 2015ರ ಮೇ ತಿಂಗಳಲ್ಲಿ ಮಿತಿ 45 ಪೈಸೆಗೆ ಇಳಿಯಿತು. ಜೂನ್‌ನಲ್ಲಿ ಬಿಎಸ್‌ಎನ್‌ಎಲ್ ಒಳಬರುವ ಕರೆಗಳನ್ನು ದೇಶದಾದ್ಯಂತ ಉಚಿತಗೊಳಿಸಿತು. ಸಾರ್ವಜನಿಕ ಸಂಸ್ಥೆಯೊಂದು ಮೊದಲ ಹೆಜ್ಜೆ ಇಟ್ಟದ್ದನ್ನು ಈಗ ಯಾರೂ ನೆನೆಯುವುದಿಲ್ಲ. 2016ರ ಸೆಪ್ಟೆಂಬರ್‌ನಲ್ಲಿ ಜಿಯೊ ರೋಮಿಂಗ್ ಶುಲ್ಕವೇ ಇಲ್ಲದೆ ಬಂದಿತು. 2017ರ ಏಪ್ರಿಲ್ 1ರಿಂದ ಏರ್‌ಟೆಲ್ ಕೂಡ ಅದನ್ನು ಕೈಬಿಟ್ಟಿತು. ಹತ್ತು ವರ್ಷಗಳ ಆದೇಶ, ಸಮಾಲೋಚನಾ ಪತ್ರಗಳು ಮಾಡದ್ದನ್ನು ಪೈಪೋಟಿ ಏಳು ತಿಂಗಳಲ್ಲಿ ಮಾಡಿತು ಎಂದು ಮಾರುಕಟ್ಟೆಯ ಪ್ರತಿಪಾದಕರು ಹೇಳುತ್ತಾರೆ. ಹೇಳಲಿ, ಅದು ಸತ್ಯವೇ.

ಆದರೆ ಸತ್ಯದ ಇನ್ನರ್ಧವನ್ನೂ ಹೇಳಬೇಕು. 2015ರ ಟ್ರಾಯ್ ಆದೇಶ ರೋಮಿಂಗ್ ಶುಲ್ಕದ ಮಿತಿಯನ್ನು ತಗ್ಗಿಸಿತೇ ಹೊರತು ಶುಲ್ಕವನ್ನು ನಿಷೇಧಿಸಲಿಲ್ಲ. ಅದು ಅಳಿದದ್ದು ಕಂಪನಿಗಳ ದರಪಟ್ಟಿಯಿಂದ. ಪೈಪೋಟಿ ಕೊಟ್ಟದ್ದನ್ನು ಪೈಪೋಟಿ ಕ್ಷೀಣಿಸಿದಾಗ ಹಿಂದಕ್ಕೆ ಪಡೆಯಬಹುದು. ಒಂದು ಕಾಲಕ್ಕೆ ಹತ್ತಕ್ಕೂ ಹೆಚ್ಚು ಕಂಪನಿಗಳಿದ್ದ ಕ್ಷೇತ್ರದಲ್ಲಿ ಇಂದು ಉಳಿದಿರುವ ಖಾಸಗಿ ಕಂಪನಿಗಳು ಮೂರು, ಅವುಗಳಲ್ಲೊಂದು ಸಾಲದ ಹೊರೆಯಲ್ಲಿದೆ. 2024ರ ಜುಲೈ ಮೊದಲ ವಾರದಲ್ಲಿ ಮೂರೂ ಬೆನ್ನುಬೆನ್ನಿಗೆ ದರ ಏರಿಸಿದವು. ನಾಳೆಯೇ ತಲಪಾಡಿಯಲ್ಲಿ ಸುಂಕದಕಟ್ಟೆ ಮರಳುತ್ತದೆಂದು ನಾನು ಹೇಳುತ್ತಿಲ್ಲ. ಏಕೀಕೃತ ಜಾಲದಲ್ಲಿ ಅದಕ್ಕೆ ತಾಂತ್ರಿಕ ಸಮರ್ಥನೆ ಕಡಿಮೆ. ತಡೆಯುವ ಕಾನೂನು ಮಾತ್ರ ಇಲ್ಲ.

ಇದು ಕೇವಲ ಶಂಕೆಯಲ್ಲ. ಐರೋಪ್ಯ ಒಕ್ಕೂಟ 2017ರ ಜೂನ್ 15ರಿಂದ ಸದಸ್ಯ ದೇಶಗಳ ನಡುವೆ ರೋಮಿಂಗ್ ಶುಲ್ಕವನ್ನು ಕಾನೂನಿನಿಂದಲೇ ರದ್ದುಪಡಿಸಿತು. ಆ ನಿಯಮವನ್ನು 2032ರವರೆಗೆ ವಿಸ್ತರಿಸಿದೆ. ಒಕ್ಕೂಟದಿಂದ ಹೊರಬಂದ ಬ್ರಿಟನ್ನಿನಲ್ಲಿ ಆ ಬಾಧ್ಯತೆ ತೀರಿತು. 2022ರಲ್ಲಿ ಅಲ್ಲಿನ ಕೆಲವು ದೊಡ್ಡ ಕಂಪನಿಗಳು ಯುರೋಪಿನಲ್ಲಿ ಶುಲ್ಕವನ್ನು ಮತ್ತೆ ಜಾರಿಗೆ ತಂದವು. ಆದರೂ ಐರ್ಲೆಂಡ್ ಗಣರಾಜ್ಯಕ್ಕೆ ಅವು ವಿನಾಯಿತಿ ಕೊಟ್ಟವು. ಉತ್ತರ ಐರ್ಲೆಂಡಿನ ಡೆರಿಯಲ್ಲಿ ಮನೆ, ಗಡಿಯಾಚೆಯ ಡೊನೆಗಾಲ್‌ನಲ್ಲಿ ಕೆಲಸ ಇರುವವರ ಪರಿಸ್ಥಿತಿ ನಮ್ಮ ಉಪ್ಪಳದವರದೇ. ಮನೆಯ ಹಜಾರದಲ್ಲಿ ಕುಳಿತಿದ್ದರೂ ಫೋನು ಪರದೇಶದ ಗೋಪುರ ಹಿಡಿಯುವ ಕಷ್ಟವೂ ಅವರಿಗುಂಟು. ಬ್ರಿಟನ್ನಿನ ನಿಯಂತ್ರಕ ಸಂಸ್ಥೆ ಆಫ್‌ಕಾಮ್ 2024ರ ಅಕ್ಟೋಬರ್‌ನಿಂದ ಒಂದು ನಿಯಮ ತಂದಿದೆ: ರೋಮಿಂಗ್ ಆರಂಭವಾದೊಡನೆ ಗ್ರಾಹಕನಿಗೆ ದರವನ್ನು ತಿಳಿಸಬೇಕು, ಅರಿಯದೆ ಆದ ರೋಮಿಂಗ್‌ನಿಂದ ಅವನನ್ನು ಕಾಪಾಡುವ ಕ್ರಮ ಕೈಗೊಳ್ಳಬೇಕು. ಇಪ್ಪತ್ತು ವರ್ಷಗಳ ಹಿಂದೆ ನಾನು ಬರೆದ ಆ ಪತ್ರದಲ್ಲಿ ಕೇಳಿದ್ದೂ ಇಷ್ಟನ್ನೇ.

ನಮ್ಮಲ್ಲಿ ಈ ರಕ್ಷಣೆಯ ಅಗತ್ಯ ಈಗಲೂ ಇರುವವರು ಬಿಹಾರ, ಉತ್ತರ ಪ್ರದೇಶಗಳ ಗಡಿ ಜನ. 1950ರ ಒಪ್ಪಂದದ ಬಳಿಕ ಭಾರತ–ನೇಪಾಳದ ಗಡಿ ಮುಕ್ತವಾಗಿದೆ; ರಕ್ಸೌಲ್‌ನಿಂದ ಬೀರ್‌ಗಂಜ್‌ಗೆ ಹೋಗಲು ಪಾಸ್‌ಪೋರ್ಟ್ ಬೇಡ. ಆದರೆ ಜೇಬಿನಲ್ಲಿರುವ ಫೋನಿಗೆ ಅಂತರರಾಷ್ಟ್ರೀಯ ರೋಮಿಂಗ್ ಪ್ಯಾಕ್ ಬೇಕು. ಅಲ್ಲಿನ ಜನ ಮಾಡುವುದೂ ನಮ್ಮ ಗುಮಾಸ್ತರು ಮಾಡಿದ್ದನ್ನೇ: ಎರಡು ಸಿಮ್.

ಟ್ರಾಯ್ ಮಾಡಬಹುದಾದ ಕೆಲಸ ದೊಡ್ಡದಲ್ಲ. ದೇಶದೊಳಗೆ ರೋಮಿಂಗ್ ಶುಲ್ಕ ಶೂನ್ಯ ಎಂಬುದನ್ನು ದರ ಆದೇಶದಲ್ಲಿ ಒಂದು ಸಾಲಾಗಿ ಸೇರಿಸಬೇಕು. ಅದರಿಂದ ಕಂಪನಿಗಳಿಗೆ ಇಂದು ಒಂದು ರೂಪಾಯಿಯ ನಷ್ಟವೂ ಇಲ್ಲ, ಆದ್ದರಿಂದ ವಿರೋಧಕ್ಕೂ ಕಾರಣವಿಲ್ಲ. ಎರಡನೆಯದು, ನೇಪಾಳದ ನಿಯಂತ್ರಕರೊಡನೆ ಮಾತನಾಡಿ ಗಡಿ ಜಿಲ್ಲೆಗಳಿಗಾದರೂ ಐರ್ಲೆಂಡ್ ಮಾದರಿಯ ವಿನಾಯಿತಿಯನ್ನು ರೂಪಿಸಬೇಕು. ಇದಕ್ಕೆ ಸಮಯ ಹಿಡಿಯುತ್ತದೆ, ವಿದೇಶಾಂಗ ಸಚಿವಾಲಯದ ಕಡತವೂ ಚಲಿಸಬೇಕಾಗುತ್ತದೆ. ಮೊದಲನೆಯದಕ್ಕೆ ಯಾವ ಕಡತಕ್ಕೂ ಕಾಯಬೇಕಿಲ್ಲ.