ಮನವಿ ಪತ್ರ: ವೀಕ್ಷಣಾಲಯದ ಸಿಬ್ಬಂದಿಗೆ ತರಬೇತಿ, ಮಕ್ಕಳಿಗೆ ಮನೆಯ ದಾರಿ

ಇವರಿಗೆ:
ಅಧ್ಯಕ್ಷರು ಮತ್ತು ಸದಸ್ಯರು, ಕರ್ನಾಟಕ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ, ಬೆಂಗಳೂರು

ಇವರಿಂದ:
ಕೆಂಚಾರ್ಲಹಳ್ಳಿ ಸುತ್ತಿನ ಗ್ರಾಮಸ್ಥರು, ಚಿಂತಾಮಣಿ ತಾಲ್ಲೂಕು

ವಿಷಯ: ಕಾನೂನಿನೊಂದಿಗೆ ಸಂಘರ್ಷಕ್ಕೊಳಗಾದ ಮಕ್ಕಳ ಪುನರ್ವಸತಿಯಲ್ಲಿ ಸಿಬ್ಬಂದಿಯ ಪಾತ್ರ

ಮಾನ್ಯರೇ,

ಹದಿನೇಳರ ಹುಡುಗನೊಬ್ಬನನ್ನು ಘೋರ ಅಪರಾಧಕ್ಕಾಗಿ ವಯಸ್ಕನಂತೆ ವಿಚಾರಿಸಿ ಶಿಕ್ಷೆ ಕೊಟ್ಟರೂ, 21 ತುಂಬುವವರೆಗೆ ಅವನನ್ನು ಜೈಲಿಗೆ ಕಳಿಸುವಂತಿಲ್ಲ. 2015ರ ಬಾಲನ್ಯಾಯ ಕಾಯ್ದೆ ಹೇಳುವುದು ಹೀಗೆ. ಅಲ್ಲಿಯವರೆಗೆ ಅವನಿರಬೇಕಾದದ್ದು ಕಾಯ್ದೆ ‘ಸುರಕ್ಷಿತ ಸ್ಥಳ’ ಎಂದು ಕರೆಯುವ ಗೃಹದಲ್ಲಿ. ವಯಸ್ಸು ತುಂಬಿದ ಮೇಲೆ ಹುಡುಗ ತಿದ್ದಿಕೊಂಡಿದ್ದಾನೆಯೇ ಎಂದು ಮಕ್ಕಳ ನ್ಯಾಯಾಲಯ ಪರಿಶೀಲಿಸುತ್ತದೆ. ಮನೆಗೋ ಜೈಲಿಗೋ ಎಂದು ತೀರ್ಮಾನಿಸುವ ಆ ಹೊತ್ತಿನಲ್ಲಿ ಅವನ ಪರವಾಗಿ ಮಾತಾಡಬೇಕಾದದ್ದು ಸಿಬ್ಬಂದಿ ವರ್ಷಗಳ ಕಾಲ ಬರೆದಿಟ್ಟ ಪ್ರಗತಿಯ ದಾಖಲೆ. ಇಷ್ಟು ಭಾರ ಹೊತ್ತ ಸಿಬ್ಬಂದಿಯನ್ನು ಬಾಗಿಲು ಕಾಯುವವರೆಂದು ಕಾಣುವುದು ಅವರಿಗೂ ಅನ್ಯಾಯ, ಮಕ್ಕಳಿಗೂ ಅನ್ಯಾಯ.

ಕಾವಲಿನೊಳಗೂ ಮನುಷ್ಯ ಬದಲಾಗಬಲ್ಲ ಎಂಬುದನ್ನು ಕರ್ನಾಟಕ ಕಂಡಿದೆ. ರಂಗಾಯಣ ನಾಟಕ ಸಂಸ್ಥೆಯ ಹುಲುಗಪ್ಪ ಕಟ್ಟೀಮನಿ ಮೈಸೂರು ಕಾರಾಗೃಹದ ಕೈದಿಗಳಿಂದ ನಾಟಕ ಮಾಡಿಸಿ, ಅವರನ್ನು ಹೊರಗಿನ ರಂಗಮಂದಿರಗಳಿಗೂ ಕರೆತಂದರು. ಅವರು ವಯಸ್ಕ ಕೈದಿಗಳು, ನಿಜ. ಆದರೆ ಜೈಲಿನ ಸಿಬ್ಬಂದಿ ಕೈಜೋಡಿಸದಿದ್ದರೆ ಒಂದು ದಿನದ ತಾಲೀಮೂ ನಡೆಯುತ್ತಿರಲಿಲ್ಲ. ಹದಿಹರೆಯದವರಿಗೆ ಅಂಥ ಅವಕಾಶ ಇನ್ನೂ ಹೆಚ್ಚು ಬೇಕು.

ಆದ್ದರಿಂದ ಗ್ರಾಮಸ್ಥರ ಮೊದಲ ಬೇಡಿಕೆ, ವೀಕ್ಷಣಾಲಯ, ಸುರಕ್ಷಿತ ಸ್ಥಳಗಳಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಗೃಹಪಾಲಕರಿಗೆ ಕೆಲಸಕ್ಕೆ ಸೇರಿದಾಗಲೂ ಆಮೇಲೆ ಪ್ರತಿವರ್ಷವೂ ಮಕ್ಕಳ ಮನಸ್ಸು, ವ್ಯಸನ, ಸಿಟ್ಟಿನ ಬಗ್ಗೆ ತರಬೇತಿ ಸಿಗಬೇಕು. ಖಾಲಿ ಹುದ್ದೆಗಳನ್ನು ಕಾಯಂ ನೇಮಕಾತಿಯಿಂದ ತುಂಬಬೇಕು. ಇಂದು ಬಂದು ನಾಳೆ ಹೋಗುವವರ ಹತ್ತಿರ ಯಾವ ಹುಡುಗನೂ ಮನಸ್ಸು ಬಿಚ್ಚುವುದಿಲ್ಲ.

ಎರಡನೆಯದು ಈ ಸೀಮೆಯದೇ ಸಂಗತಿ. ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು ಕಡೆಯ ಎಷ್ಟೋ ಮನೆಗಳಲ್ಲಿ ಆಡುವ ಮಾತು ತೆಲುಗು. ಹೆದರಿದ ಮಗು ಮನೆಮಾತಿನಲ್ಲೇ ಅಳುತ್ತದೆ. ಈ ಜಿಲ್ಲೆಯ ಮಕ್ಕಳನ್ನು ನೋಡಿಕೊಳ್ಳುವ ಆಪ್ತಸಮಾಲೋಚಕರಲ್ಲಿ ಒಬ್ಬರಿಗಾದರೂ ಕನ್ನಡದ ಜೊತೆ ತೆಲುಗು ಬರಬೇಕು. ಮಗುವಿನ ಹಿನ್ನೆಲೆ ತಿಳಿಸುವ ಸಾಮಾಜಿಕ ತನಿಖಾ ವರದಿಯನ್ನು ಎರಡು ವಾರದೊಳಗೆ ಕೊಡಬೇಕೆಂದು ಕಾಯ್ದೆ ಹೇಳುತ್ತದೆ. ಅದನ್ನು ಕಚೇರಿಯಲ್ಲಿ ಕೂತು ಬರೆದರೆ ಸಾಲದು. ವರದಿ ಬರೆಯುವ ಪರಿವೀಕ್ಷಣಾಧಿಕಾರಿ ಊರಿಗೆ ಬರಬೇಕು, ರೇಷ್ಮೆ ಮನೆಯಲ್ಲೋ ಟೊಮೆಟೊ ತೋಟದಲ್ಲೋ ದುಡಿಯುವ ತಾಯಿಯನ್ನು ಮಾತಾಡಿಸಬೇಕು, ಮಗು ಶಾಲೆಯನ್ನು ಯಾವಾಗ ಬಿಟ್ಟಿತು ಎಂದು ಕೇಳಬೇಕು. ಹಾಗೆ ಬರುವಾಗ ಜೀಪು, ಸಮವಸ್ತ್ರ ಬೇಡ. ಮಗುವಿನ ಗುರುತು ಬಯಲಾಗಬಾರದೆಂಬ 74ನೇ ಕಲಮಿನ ಆಶಯ ಹಳ್ಳಿಯ ಬೀದಿಯಲ್ಲೂ ಪಾಲನೆಯಾಗಬೇಕು.

ಮೂರನೆಯದಾಗಿ, ಹದಿನೆಂಟು ತುಂಬಿ ಗೃಹದಿಂದ ಹೊರಬರುವವರಿಗೆ 46ನೇ ಕಲಮಿನಡಿ ಆರ್ಥಿಕ ನೆರವಿಗೆ ಅವಕಾಶವಿದೆ. ಬಿಡುಗಡೆಗೆ ಮೊದಲೇ ಸಿಬ್ಬಂದಿ ಆ ಅರ್ಜಿ ತುಂಬಿಸಿ, ಐಟಿಐ ಸೀಟೋ ಕೆಲಸವೋ ಗೊತ್ತುಮಾಡಿ ಕಳಿಸುವ ವ್ಯವಸ್ಥೆಯಾಗಲಿ.

ಕಾಯ್ದೆಯ ಜಾರಿಯ ಮೇಲೆ ನಿಗಾ ಇಡುವ ಅಧಿಕಾರ 109ನೇ ಕಲಮಿನಂತೆ ಆಯೋಗಕ್ಕಿದೆ. ಚಿಕ್ಕಬಳ್ಳಾಪುರ ಜಿಲ್ಲೆಯ ಮಕ್ಕಳಿರುವ ಗೃಹಗಳಿಗೆ ಆಯೋಗ ಖುದ್ದು ಭೇಟಿ ಕೊಟ್ಟು, ಸಿಬ್ಬಂದಿಯ ಅಹವಾಲನ್ನೂ ಕೇಳಿ, ಸರ್ಕಾರಕ್ಕೆ ಶಿಫಾರಸು ಮಾಡಬೇಕೆಂದು ಗ್ರಾಮಸ್ಥರು ಕೋರುತ್ತಾರೆ.

ಕೆಂಚಾರ್ಲಹಳ್ಳಿ ಸುತ್ತಿನ ಗ್ರಾಮಸ್ಥರ ಪರವಾಗಿ