ಹಳೇ ಜಿಪ್ಸಿಗೆ ಮೊದಲು ಕಳೆದುಹೋದ ಪವರ್ ಹುಡುಕೋಣ

ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆ ತೋಟದ ಮನೆಗಳ ಹಿಂದೆ, ಶೆಡ್ಡುಗಳ ಮೂಲೆಯಲ್ಲಿ ಹಳೇ ಮಾರುತಿ ಜಿಪ್ಸಿಗಳು ಧೂಳು ಹಿಡಿದು ನಿಂತಿರೋದನ್ನು ನಾವೆಲ್ಲ ನೋಡಿದ್ದೇವೆ. ಅಂಥದ್ದೊಂದು ನಮ್ಮ ಹುಡುಗರ ಕೈಗೆ ಸಿಕ್ಕಿದರೆ ಮೊದಲು ಬರುವ ಪ್ರಶ್ನೆ ಒಂದೇ: "ಮಗಾ, ಇದಕ್ಕೆ ಏನ್ ಹಾಕ್ಸಿದ್ರೆ ಪವರ್ ಜಾಸ್ತಿ ಆಗುತ್ತೆ?" ಕ್ಯಾಂಟೀನಿನಲ್ಲಿ ಉತ್ತರಗಳೂ ರೆಡಿ. ಬೋರ್ ದೊಡ್ಡದು ಮಾಡ್ಸು, ಹೆಡ್ ಸ್ಕಿಮ್ ಮಾಡ್ಸು, ಬಲೆನೋ ಎಂಜಿನ್ ಕೂರ್ಸು, ದುಡ್ಡಿದ್ದರೆ ಟರ್ಬೊ. ನಮ್ಮ ಅಭಿಪ್ರಾಯದಲ್ಲಿ ಇಲ್ಲಿ ಪ್ರಶ್ನೆಯೇ ಹಿಂದುಮುಂದಾಗಿದೆ. ಇಪ್ಪತ್ತು ಚಿಲ್ಲರೆ ವರ್ಷ ದುಡಿದ ಎಂಜಿನ್ನಿನಲ್ಲಿ ಹುಟ್ಟಿದಾಗಿದ್ದ ಪವರ್ ಎಷ್ಟು ಉಳಿದಿದೆ ಅಂತ ಮೊದಲು ಅಳೆಯಬೇಕು. ಹೋಗಿದ್ದನ್ನು ವಾಪಸ್ ತಂದ ಮೇಲೆ ಹೊಸದನ್ನು ಸೇರಿಸುವ ಮಾತು.

ಜಿಪ್ಸಿಯ ಚರಿತ್ರೆಯನ್ನೇ ನೋಡಿ. 1985ರಲ್ಲಿ ಬಂದ ಮೊದಲ ಜಿಪ್ಸಿಗೆ 970 ಸಿಸಿ ಎಂಜಿನ್, 45 ಬಿಎಚ್‌ಪಿ. 1996ರಲ್ಲಿ ಬಂದ ಜಿಪ್ಸಿ ಕಿಂಗ್‌ಗೆ 1298 ಸಿಸಿ, ಎಂಟು ವಾಲ್ವ್, ಕಾರ್ಬ್ಯುರೇಟರ್, 60 ಬಿಎಚ್‌ಪಿ. ಆಮೇಲೆ ಎಂಪಿಎಫ್‌ಐ ಮತ್ತು ಹದಿನಾರು ವಾಲ್ವ್ ಬಂದಾಗ ಅದು 80 ಬಿಎಚ್‌ಪಿ ಆಯಿತು. ಕಿಂಗ್‌ನ ಈ ಎರಡೂ ಎಂಜಿನ್ನುಗಳ ಬೋರ್ 74 ಮಿ.ಮೀ., ಸ್ಟ್ರೋಕ್ 75.5 ಮಿ.ಮೀ. ಸಿಸಿ ಒಂದು ಕೂದಲೂ ಹೆಚ್ಚಾಗದೆ ಪವರ್ ಮೂರನೇ ಒಂದರಷ್ಟು ಏರಿತು. ಗಾಳಿ ಸಲೀಸಾಗಿ ಒಳಗೆ ಬಂತು, ಸುಟ್ಟ ಹೊಗೆ ಸಲೀಸಾಗಿ ಆಚೆ ಹೋಯಿತು, ಪೆಟ್ರೋಲು ಅಳತೆ ಪ್ರಕಾರ ಸಿಕ್ಕಿತು. ಎಂಜಿನ್ ಅಂದರೆ ಕೊನೆಗೂ ಉಸಿರಾಟದ ವಿಷಯ.

ಆ ಉಸಿರು ನಮ್ಮ ಜಿಲ್ಲೆಯಲ್ಲಿ ಮೊದಲೇ ಸ್ವಲ್ಪ ಕಮ್ಮಿ. ದೇವನಹಳ್ಳಿಯ ವಿಮಾನ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 915 ಮೀಟರ್ ಎತ್ತರದಲ್ಲಿದೆ. ಈ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸುಮಾರು ಶೇ. 8ರಷ್ಟು ಕಮ್ಮಿ. ಟರ್ಬೊ ಇಲ್ಲದ ಎಂಜಿನ್ನಿನ ಪವರ್ ಕೂಡ ಹೆಚ್ಚುಕಮ್ಮಿ ಅಷ್ಟೇ ಇಳಿಯುತ್ತೆ. ಅಂದರೆ ಕಂಪನಿಯಿಂದ ಈಗಷ್ಟೇ ಬಂದ 60 ಬಿಎಚ್‌ಪಿ ಜಿಪ್ಸಿಯೂ ದೊಡ್ಡಬಳ್ಳಾಪುರದಲ್ಲಿ 55ರ ಆಸುಪಾಸಿನದು. ಕಾರ್ಬ್ಯುರೇಟರ್‌ನ ಜೆಟ್ ಸಮುದ್ರಮಟ್ಟದ ಗಾಳಿಗೆ ಹೊಂದಿಸಿದ್ದಾದರೆ ಇಲ್ಲಿ ಮಿಶ್ರಣ ರಿಚ್ ಆಗುತ್ತೆ, ಪ್ಲಗ್ ಕಪ್ಪಾಗುತ್ತೆ. ಜೆಟ್ ಸರಿಮಾಡಿಸಲು ಆಗುವ ಖರ್ಚು ಟರ್ಬೊ ಖರ್ಚಿನ ಮುಂದೆ ಏನೇನೂ ಅಲ್ಲ.

ಹಾಗಾದರೆ ಎಲ್ಲಿಂದ ಶುರು ಮಾಡೋದು? ಕಂಪ್ರೆಷನ್ ಗೇಜಿನಿಂದ. ಎಂಜಿನ್ ಬಿಸಿ ಇರಲಿ, ಇಗ್ನಿಷನ್ ಕಟ್ ಮಾಡಿ, ನಾಲ್ಕೂ ಪ್ಲಗ್ ಬಿಚ್ಚಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಸೆಲ್ಫ್ ಹೊಡೆಯಿರಿ. ನಾಲ್ಕು ಸಿಲಿಂಡರಿನ ನಾಲ್ಕು ಅಂಕಿ ಬರೆದುಕೊಳ್ಳಿ. ಒಂದು ತೀರಾ ಕಮ್ಮಿ ಬಂದರೆ ಆ ತೂತಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿ. ಅಂಕಿ ಏರಿದರೆ ರಿಂಗು ಅಥವಾ ಬೋರ್ ಸವೆದಿದೆ. ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ ಕಡೆ ಅನುಮಾನ. ಹತ್ತು ನಿಮಿಷದ ಈ ಕೆಲಸ ಮಾಡದೆ ಎಂಜಿನ್ ಇಳಿಸೋದು ಜ್ವರ ನೋಡದೆ ಆಪರೇಷನ್ ಮಾಡಿದ ಹಾಗೆ. ಜೊತೆಗೆ ರೇಡಿಯೇಟರ್ ನೋಡಿ. ನಮ್ಮ ಕಡೆ ಬೋರ್‌ವೆಲ್ಲಿನ ಗಡಸು ನೀರನ್ನೇ ಸುರಿಯುವವರು ಬಹಳ. ಒಳಗೆಲ್ಲ ಸುಣ್ಣ ಕಟ್ಟಿದ್ದರೆ ಹೊಸ ಪಿಸ್ಟನ್ನೂ ಹೆಚ್ಚು ದಿನ ಬಾಳಲ್ಲ.

ಈಗ ಕ್ಯಾಂಟೀನ್ ಉತ್ತರಗಳಿಗೆ ಬರೋಣ. "ಬೋರ್ ಮಾಡ್ಸಿದ್ರೆ ಪವರ್ ಬರುತ್ತೆ" ಅನ್ನೋದನ್ನು ಕ್ಯಾಲ್ಕುಲೇಟರಿಗೆ ಹಾಕಿ. 74 ಮಿ.ಮೀ. ಬೋರನ್ನು 0.50 ಓವರ್‌ಸೈಜ್‌ಗೆ ಕೊರೆದರೆ 1298 ಸಿಸಿ ಇದ್ದದ್ದು 1316 ಸಿಸಿ ಆಗುತ್ತೆ. ಶೇ. 1.4 ಹೆಚ್ಚಳ. ಕಾಲಿಗೂ ಗೊತ್ತಾಗಲ್ಲ. ರೀಬೋರ್ ಮಾಡಿಸೋದು ಮೊಟ್ಟೆ ಆಕಾರಕ್ಕೆ ಸವೆದ ಸಿಲಿಂಡರನ್ನು ಮತ್ತೆ ಗುಂಡಗೆ ಮಾಡಲು, ಸೋರುವ ಒತ್ತಡವನ್ನು ತಡೆಯಲು. ಅದರಿಂದ ಬರುವ ಪವರ್ ನಿಜ, ಆದರೆ ಅದು ಹಳೇ ಬಾಕಿ ವಸೂಲಿ. ಇನ್ನೊಂದು ಮಾತು, ಪಿಸ್ಟನ್ ಮೊದಲು ಕೊಂಡು, ಅದನ್ನು ಅಳೆದು, ಆಮೇಲೆ ಬ್ಲಾಕನ್ನು ಬೋರಿಂಗ್‌ಗೆ ಕೊಡಿ.

ಹೆಡ್ ಸ್ಕಿಮ್ ಮಾಡಿಸಿ ಕಂಪ್ರೆಷನ್ ರೇಷಿಯೋ ಏರಿಸೋದು ಎರಡನೇ ಉತ್ತರ. ಥರ್ಮೋಡೈನಾಮಿಕ್ಸ್ ಪರೀಕ್ಷೆಗೆ ಬಾಯಿಪಾಠ ಮಾಡಿದ ಆಟೋ ಸೈಕಲ್ ಸೂತ್ರ ನೆನಪಿದೆಯಲ್ಲ? 9 ಇದ್ದದ್ದನ್ನು 10 ಮಾಡಿದರೆ ಆದರ್ಶ ಲೆಕ್ಕದಲ್ಲೂ ದಕ್ಷತೆ ಏರೋದು ಸುಮಾರು ಶೇ. 3. ಬದಲಿಗೆ ನಾಕಿಂಗ್ ಶುರುವಾದರೆ ಪಿಸ್ಟನ್ನೇ ಹೋಗುತ್ತೆ. ಸೊಟ್ಟಗಾದ ಹೆಡ್ಡನ್ನು ಮಟ್ಟ ಮಾಡಲು ಎಷ್ಟು ಬೇಕೋ ಅಷ್ಟೇ ಸ್ಕಿಮ್ ಮಾಡಿಸಿ.

ಉಳಿದದ್ದು ಎಂಜಿನ್ ಬದಲಿಸೋದು. 1590 ಸಿಸಿಯ ಬಲೆನೋ ಎಂಜಿನ್ ಕೂರಿಸಿದರೆ ಪವರ್ ಖಂಡಿತ ಬರುತ್ತೆ. ಆದರೆ ಆ ಪವರ್ ಎಷ್ಟು ಆರ್‌ಪಿಎಂನಲ್ಲಿ ಬರುತ್ತೆ ಅಂತ ಕೇಳುವವರು ಕಮ್ಮಿ. ಎಂಪಿಎಫ್‌ಐ ಜಿಪ್ಸಿಯ ಗರಿಷ್ಠ ಟಾರ್ಕ್ 103 ನ್ಯೂಟನ್ ಮೀಟರ್ ಸಿಗೋದೇ 4500 ಆರ್‌ಪಿಎಂನಲ್ಲಿ. ಮಾಕಳಿದುರ್ಗದ ಸುತ್ತಿನ ಹಳ್ಳಿಗಳ ಕೊರಕಲು ದಾರಿಯಲ್ಲಿ ಕಲ್ಲು ದಾಟುವಾಗ ನಾವು 1500, ಹೆಚ್ಚೆಂದರೆ 2000 ಆರ್‌ಪಿಎಂನಲ್ಲಿರುತ್ತೇವೆ. ಅಲ್ಲಿ ಗಾಡಿಯನ್ನು ಮೇಲಕ್ಕೆ ತಳ್ಳೋದು ಟ್ರಾನ್ಸ್‌ಫರ್ ಕೇಸಿನ ಲೋ ಗೇರ್. ಬ್ರೋಷರಿನಲ್ಲಿ ದೊಡ್ಡದಾಗಿ ಬರೆಯುವ ಬಿಎಚ್‌ಪಿಗೆ ಅಲ್ಲಿ ಹೆಚ್ಚು ಕೆಲಸವಿಲ್ಲ.

ಇನ್ನು ಟೈರ್. ಕಿಂಗ್‌ನ 205/70 ಆರ್15 ಟೈರಿನ ವ್ಯಾಸ ಸುಮಾರು 668 ಮಿ.ಮೀ. ಲುಕ್ಕಿಗೋಸ್ಕರ 30 ಇಂಚಿನದು, ಅಂದರೆ 762 ಮಿ.ಮೀ. ಹಾಕಿಸಿದರೆ ನೆಲಕ್ಕೆ ತಲುಪುವ ಎಳೆತ ಶೇ. 12ರಷ್ಟು ಕುಸಿಯುತ್ತೆ. ಎಂಜಿನ್ನಿಗೆ ಲಕ್ಷ ಸುರಿದು ಗಳಿಸಿದ್ದನ್ನು ಟೈರು ಕೂತಲ್ಲೇ ತಿಂದುಹಾಕುತ್ತೆ. ಬ್ರೇಕಿನ ಲೆಕ್ಕ ಇನ್ನೂ ಗಂಭೀರ. ವೇಗ 60ರಿಂದ 80 ಕಿ.ಮೀ.ಗೆ ಏರಿದರೆ ಬ್ರೇಕ್ ಅರಗಿಸಿಕೊಳ್ಳಬೇಕಾದ ಶಕ್ತಿ ಶೇ. 78 ಹೆಚ್ಚು. ಯಲಹಂಕ–ದೊಡ್ಡಬಳ್ಳಾಪುರ ರಸ್ತೆಯಲ್ಲಿ ಲಾರಿ, ಹಾಲಿನ ಗಾಡಿ, ಸ್ಕೂಲ್ ಬಸ್ಸು ಎಲ್ಲ ಓಡಾಡುತ್ತವೆ. ನಾವು ಮಾಡುವ ಪ್ರಯೋಗದ ಬೆಲೆಯನ್ನು ಎದುರಿಗೆ ಬರುವವರು ತೆರಬಾರದು.

ಸೀನಿಯರ್ಸ್ ಹತ್ತಿರ ಬಾಹಾ ಕಥೆ ಕೇಳಿದ್ದರೆ ಈ ವಾದ ಹೊಸದೇನಲ್ಲ. ಬಾಹಾ ಎಸ್‌ಎಇ ಇಂಡಿಯಾ ಸ್ಪರ್ಧೆಯಲ್ಲಿ ಎಷ್ಟೋ ವರ್ಷ ಎಲ್ಲ ತಂಡಗಳಿಗೂ ಅದೇ 305 ಸಿಸಿಯ, 10 ಎಚ್‌ಪಿಯ ಬ್ರಿಗ್ಸ್ ಅಂಡ್ ಸ್ಟ್ರಾಟನ್ ಎಂಜಿನ್. ಅದನ್ನು ಬಿಚ್ಚಿ ಕೈಯಾಡಿಸುವಂತಿಲ್ಲ. ಆದರೂ ಒಂದು ಗಾಡಿ ಗೆಲ್ಲುತ್ತೆ, ಇನ್ನೊಂದು ಗುಡ್ಡದ ಮಧ್ಯೆ ನಿಲ್ಲುತ್ತೆ. ತೂಕ, ಗೇರಿಂಗ್, ಸಸ್ಪೆನ್ಷನ್, ಓಡಿಸುವವರ ಕೈ, ವ್ಯತ್ಯಾಸ ಬರೋದು ಇಲ್ಲಿಂದಲೇ.

ಕಾನೂನನ್ನೂ ಮರೆಯುವಂತಿಲ್ಲ. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರಕ್ಕೂ ತಯಾರಕರ ಮೂಲ ವಿವರಕ್ಕೂ ವ್ಯತ್ಯಾಸ ಬರುವಂತೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಪ್ರತಿ ಅಕ್ರಮ ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಜೈಲು, ಅಥವಾ ಎರಡೂ ಸೇರಿದವು. ರಿಂಗು, ಬೇರಿಂಗು, ರೀಬೋರ್ ಎಲ್ಲ ರಿಪೇರಿ. ಬೇರೆ ಗಾಡಿಯ ಎಂಜಿನ್ ಕೂರಿಸೋದು ಬೇರೆ ಮಾತು. 15 ವರ್ಷ ದಾಟಿದ ಗಾಡಿಯ ಆರ್‌ಸಿ ನವೀಕರಣಕ್ಕೆ ಕೆಎ 43 ಇರಲಿ, ಕೆಎ 52 ಇರಲಿ, ಆರ್‌ಟಿಓ ಮುಂದೆ ಬಾನೆಟ್ ಎತ್ತಲೇಬೇಕು. "ಯಾರು ನೋಡ್ತಾರೆ ಬಿಡು" ಅನ್ನೋ ಮಾತು ಅಪಘಾತವಾಗಿ ಇನ್ಶೂರೆನ್ಸ್ ಕೇಳುವ ದಿನ ಕೈಕೊಡುತ್ತೆ.

ಹಾಗಂತ ಅಪ್‌ಗ್ರೇಡ್ ಬೇಡವೇ ಬೇಡ ಅಂತ ನಾವು ಹೇಳ್ತಿಲ್ಲ. ಆಸೆ ನಮಗೂ ಇದೆ. ಆದರೆ ಅದಕ್ಕೊಂದು ಕ್ರಮ ಇರಲಿ. ಮೊದಲು ಅಳತೆ, ಆಮೇಲೆ ಕೂಲಿಂಗ್ ಮತ್ತು ಬ್ರೇಕ್, ಆಮೇಲೆ ಕಂಪನಿ ಅಳತೆಗೆ ತರುವ ರಿಪೇರಿ, ಮೊದಲ 1000 ಕಿ.ಮೀ. ನಿಧಾನದ ಓಟ. ಇಷ್ಟಾದ ಮೇಲೂ ಸಾಲದು ಅನಿಸಿದರೆ ಮಾತ್ರ ಹೊಸ ಪವರ್, ಅದೂ ಆರ್‌ಟಿಓ ಒಪ್ಪಿಗೆ ಪಡೆದು. ಈ ಕ್ರಮದಲ್ಲಿ ಹೋದ ಹೆಚ್ಚಿನವರಿಗೆ ಕೊನೇ ಹಂತದ ಅಗತ್ಯವೇ ಬೀಳಲ್ಲ ಅನ್ನೋದು ನಮ್ಮ ನಂಬಿಕೆ.

ವಿಭಾಗಕ್ಕೂ ಒಂದು ಮನವಿ. ಮಿನಿ ಪ್ರಾಜೆಕ್ಟ್ ಅಂತ ರೆಡಿಮೇಡ್ ಮಾಡೆಲ್ ಕೊಂಡು ತಂದು ತೋರಿಸುವ ಬದಲು, ಒಂದು ಹಳೇ ಎಂಜಿನ್ ಬಿಚ್ಚಿ, ಅಳೆದು, ಕಟ್ಟಿ, ಸ್ಟಾರ್ಟ್ ಮಾಡುವುದಕ್ಕೂ ಅಂಕ ಕೊಡಿ. ನಮ್ಮ ಸುತ್ತಮುತ್ತಲ ಗ್ಯಾರೇಜುಗಳಲ್ಲಿ ಶಬ್ದ ಕೇಳಿಯೇ "ಮೂರನೇದು ಮಿಸ್ ಹೊಡೀತಿದೆ ಕಣಪ್ಪ" ಅನ್ನುವ ಮೇಸ್ತ್ರಿಗಳಿದ್ದಾರೆ. ಅವರಿಗೆ ಕಿವಿ ಇದೆ, ನಮ್ಮ ಹತ್ತಿರ ಗೇಜು ಮತ್ತು ಸೂತ್ರ ಇವೆ. ಅವರನ್ನು ಒಂದು ದಿನ ವರ್ಕ್‌ಶಾಪಿಗೆ ಕರೆಯೋಣ. ಅವರು ಹೇಳಿದ್ದನ್ನೂ ಗೇಜು ತೋರಿಸಿದ್ದನ್ನೂ ಒಂದೇ ಪುಸ್ತಕದಲ್ಲಿ ಕನ್ನಡದಲ್ಲಿ ಬರೆದಿಡೋಣ. ಮುಂದಿನ ಬ್ಯಾಚಿನವರು ಆ ಪುಸ್ತಕ ತೆರೆದು ಅಲ್ಲಿಂದ ಕೆಲಸ ಶುರು ಮಾಡಲಿ.