ಲೆಕ್ಕಕ್ಕೂ ಅನ್ವಯ ಬೇಕು

ಕೂಡುವ ಕಳೆಯುವ ಲೆಕ್ಕಗಳನ್ನು ತಪ್ಪಿಲ್ಲದೆ ಮಾಡುವ ವಿದ್ಯಾರ್ಥಿಯು ಅದೇ ಲೆಕ್ಕ ವಾಕ್ಯರೂಪದಲ್ಲಿ ಬಂದೊಡನೆ ಲೇಖನಿಯನ್ನು ಕೆಳಗಿಡುವುದುಂಟು. ಇಂಥವನನ್ನು ಗಣಿತದಲ್ಲಿ ದಡ್ಡನೆನ್ನುವುದು ವಾಡಿಕೆ. ಅವನು ಎಡವಿದ್ದು ವಾಕ್ಯದಲ್ಲಿ ಎಂಬುದನ್ನು ವಿಚಾರಿಸುವವರು ವಿರಳ.

'ಬಸವನಲ್ಲಿ 12 ಗೋಲಿಗಳಿವೆ. ಇವು ನಾಗನಲ್ಲಿರುವುದಕ್ಕಿಂತ 5 ಹೆಚ್ಚು. ನಾಗನಲ್ಲಿರುವ ಗೋಲಿಗಳೆಷ್ಟು?' 'ಹೆಚ್ಚು' ಎಂಬ ಪದ ಕಣ್ಣಿಗೆ ಬಿದ್ದೊಡನೆ ಅನೇಕ ಮಕ್ಕಳು ಕೂಡಿ 17 ಎಂದು ಬರೆದುಬಿಡುತ್ತಾರೆ. ಯಾವುದಕ್ಕಿಂತ ಯಾವುದು ಹೆಚ್ಚು ಎಂದು ಕೇಳಿಕೊಂಡವನಿಗೆ ಮಾತ್ರ 7 ದೊರೆಯುತ್ತದೆ. 'ಹೆಚ್ಚು ಎಂದರೆ ಕೂಡು, ಉಳಿದದ್ದು ಎಂದರೆ ಕಳೆ' ಎಂದು ಬಾಯಿಪಾಠ ಮಾಡಿಸುವ ಬೋಧನೆಯಿಂದ ಇಲ್ಲಿ ಅಪಕಾರವೇ ಹೆಚ್ಚು.

ಓದದೆ ಎಣಿಸುವ ಈ ಚಾಳಿ ಹೊರನಾಡುಗಳಲ್ಲಿಯೂ ಇದೆ. ಫ್ರಾನ್ಸಿನ ಗ್ರೆನೋಬಲ್ ನಗರದ ಸಂಶೋಧಕರು 1979ರ ಸುಮಾರಿಗೆ, ಹಡಗಿನಲ್ಲಿ 26 ಕುರಿ, 10 ಆಡುಗಳಿದ್ದರೆ ಅದರ ನಾಯಕನ ವಯಸ್ಸೆಷ್ಟೆಂದು ಮಕ್ಕಳನ್ನು ಕೇಳಿದರು. ಬಹುಮಂದಿ ಮಕ್ಕಳು ಕೊಟ್ಟ ಅಂಕಿಗಳಿಂದಲೇ ವಯಸ್ಸನ್ನು ಹೇಳಿಬಿಟ್ಟರು! ನಗುವ ವಿಷಯವೇನೋ ಹೌದು. ಆದರೆ ಪ್ರಶ್ನೆ ಬಂದ ಮೇಲೆ ಉತ್ತರ ಕೊಡಲೇಬೇಕೆಂದು ಅವರಿಗೆ ಕಲಿಸಿದವರು ಯಾರು?

ಕನ್ನಡದಲ್ಲಂತೂ ಒಂದು ವಿಭಕ್ತಿ ಪ್ರತ್ಯಯ ಲೆಕ್ಕದ ಗತಿಯನ್ನೇ ತಿರುಗಿಸಬಲ್ಲದು. 50 ರೂಪಾಯಿಯ ಪದಾರ್ಥದ ಬೆಲೆ '20 ರೂಪಾಯಿ ಇಳಿಯಿತು' ಎಂದರೆ ಈಗಿನ ಬೆಲೆ 30. '20 ರೂಪಾಯಿಗೆ ಇಳಿಯಿತು' ಎಂದರೆ 20. ಅಂತರವೆಲ್ಲ ಒಂದು 'ಗೆ' ಪ್ರತ್ಯಯದ್ದು. ವ್ಯಾಕರಣವನ್ನು ಪರೀಕ್ಷೆಯ ನಾಲ್ಕು ಅಂಕಗಳ ವಿಷಯವೆಂದು ಬದಿಗಿಡುವವರು ಇದನ್ನು ಗಮನಿಸಬೇಕು.

ಗಣಿತವೂ ಭಾಷೆಯೂ ಬೇರೆಬೇರೆ ಕೊಠಡಿಗಳ ವಿದ್ಯೆಗಳೆಂಬ ಭಾವನೆ ಕನ್ನಡ ನಾಡಿನ ಪೂರ್ವಿಕರಲ್ಲಿ ಇರಲಿಲ್ಲ. 9ನೆಯ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ, ಮಹಾವೀರಾಚಾರ್ಯನು 'ಗಣಿತಸಾರಸಂಗ್ರಹ'ವನ್ನು ಸಂಸ್ಕೃತ ಶ್ಲೋಕಗಳಲ್ಲಿ ರಚಿಸಿದನು. 12ನೆಯ ಶತಮಾನದ ರಾಜಾದಿತ್ಯನು 'ವ್ಯವಹಾರಗಣಿತ'ಕ್ಕೆ ಕನ್ನಡ ಪದ್ಯವನ್ನೇ ಆರಿಸಿಕೊಂಡನು. ಇಂಥ ಗ್ರಂಥಗಳನ್ನು ಓದುವವನು ಪದಚ್ಛೇದ ಮಾಡಿ, ಅನ್ವಯಿಸಿ, ಅರ್ಥ ತಿಳಿದ ಮೇಲೆಯೇ ಲೆಕ್ಕಕ್ಕೆ ಕೈಹಾಕಬೇಕು.

ಇಂದಿನ ತರಗತಿಗೂ ಆ ಕ್ರಮವೇ ಸಾಕು. ಹಲಗೆಯ ಮೇಲಿನ ಲೆಕ್ಕವನ್ನು ಮಗು ಮೊದಲು ತನ್ನ ಮಾತಿನಲ್ಲಿ, ಮನೆಯ ಆಡುನುಡಿಯಲ್ಲಿಯೇ ಆಗಲಿ, ಹೇಳಬೇಕು. ಕೊಟ್ಟಿರುವುದೇನು, ಕೇಳಿರುವುದೇನು ಎಂದು ವಿಂಗಡಿಸಬೇಕು. ಬಂದ ಉತ್ತರವನ್ನು ಮತ್ತೆ ವಾಕ್ಯದಲ್ಲಿಟ್ಟು ಒಪ್ಪುವುದೇ ಎಂದು ನೋಡಬೇಕು. ಶಾಲೆಗೆ ಗಣಿತದ ಉಪಕರಣಗಳನ್ನು ಕೊಡಬಯಸುವ ದಾನಿಗಳು ಆ ಪಟ್ಟಿಯಲ್ಲಿ ಕಥೆಪುಸ್ತಕಗಳನ್ನೂ ಸೇರಿಸಿದರೆ ಅನುಚಿತವಾಗದು. ಇನ್ನು ಕನ್ನಡ ಪಂಡಿತರೂ ಗಣಿತದ ಅಧ್ಯಾಪಕರೂ ವಾರಕ್ಕೊಂದು ಅವಧಿ ಒಂದೇ ತರಗತಿಯಲ್ಲಿ ಕೂಡಿ ಪಾಠ ಮಾಡುವಂತೆ ವೇಳಾಪಟ್ಟಿಯನ್ನು ತಿದ್ದಲು ಮುಖ್ಯೋಪಾಧ್ಯಾಯರಿಗೆ ಯಾವ ಖರ್ಚೂ ಇಲ್ಲ.